ಮುದ್ದೆಯಿಂದ ಉಗುಳಿನವರೆಗೆ

ನಾನು ಒಂದು ಹಲಗೆ. ಹಲಗೆ ಎಂದ ಕೂಡಲೇ ನೀವು ಕೂರುವ ಮಣೆಯನ್ನೋ ತರಕಾರಿ ಹೆಚ್ಚುವ ಮಣೆಯನ್ನೋ ನೆನೆದುಕೊಂಡರೆ ನನಗೆ ಸ್ವಲ್ಪ ಸಿಟ್ಟು ಬರುತ್ತದೆ, ಮೊದಲೇ ಹೇಳಿಬಿಡುತ್ತೇನೆ. ತಕ್ಕಡಿ ತೂಕ ಅಳೆಯುತ್ತದೆ, ಸೇರು ರಾಗಿ ಅಳೆಯುತ್ತದೆ, ಥರ್ಮಾಮೀಟರು ಜ್ವರ ಅಳೆಯುತ್ತದೆ. ನಾನು ಅಳೆಯುವುದು ಮಕ್ಕಳ ಗಂಟಲು ನೋವನ್ನು. ಅದೂ ಡಾಕ್ಟರು ಹೇಳಿದಷ್ಟಲ್ಲ, ತಾಯಿ ಹೇಳಿದಷ್ಟಲ್ಲ, ಮಗು ತಾನೇ ಹೇಳಿದಷ್ಟು. ಇಂಥ ಕೆಲಸ ಮಾಡುವ ಹಲಗೆ ನಿಮ್ಮ ಬೀದಿಯಲ್ಲಿ ಇನ್ನೊಂದಿದ್ದರೆ ತೋರಿಸಿ, ನೋಡೋಣ.

ನಾನು ಹುಟ್ಟಿದ್ದು ಚನ್ನಪಟ್ಟಣದಲ್ಲಿ, ಗೊಂಬೆ ಮಾಡುವ ಮುಬಾರಕ್ ಪಾಷಾ ಅವರ ಮನೆಯ ಪಕ್ಕದ ಶೆಡ್ಡಿನಲ್ಲಿ. ನನ್ನ ಮೈ ಹಾಲೆ ಮರದ್ದು. ಬೆಳ್ಳಗೆ, ನುಣ್ಣಗೆ, ಎಳೆ ಮಕ್ಕಳು ಬಾಯಿಗಿಟ್ಟುಕೊಂಡರೂ ಸಿಬಿರು ಚುಚ್ಚದ ಮರ. ನನ್ನ ಜೊತೆಗೆ ಹುಟ್ಟಿದವರೆಲ್ಲ ಬುಗುರಿಗಳು, ಗಿಲಕಿಗಳು, ತಲೆಯಾಡಿಸುವ ಅಜ್ಜ ಅಜ್ಜಿಯರು. ಅವರಿಗೆಲ್ಲ ತಮ್ಮ ಹಣೆಬರಹ ಗೊತ್ತಿತ್ತು. ಅಂಗಡಿ, ಆಮೇಲೆ ಒಂದು ಮನೆ, ಆಮೇಲೆ ಮಂಚದ ಕೆಳಗಿನ ದೂಳು. ನನಗೆ ಮಾತ್ರ ನಾನು ಯಾರೆಂದು ಗೊತ್ತಿರಲಿಲ್ಲ. ಒಂದು ಗೇಣಿಗಿಂತ ಸ್ವಲ್ಪ ಉದ್ದದ ಹಲಗೆ, ಅದರ ಮೇಲೆ ಅಡ್ಡಲಾಗಿ ಒಂದು ಕಡ್ಡಿ, ಕಡ್ಡಿಯ ಮೇಲೆ ಅತ್ತಿತ್ತ ಸರಿಯುವ ಒಂದು ಕೆಂಪು ಉಂಗುರ. ಅಷ್ಟೇ. ಚಕ್ರವಿಲ್ಲ, ದಾರವಿಲ್ಲ, ಮೂಗಿಲ್ಲ, ಬಾಯಿಲ್ಲ.

ಪಾಷಾ ಅವರೂ ನನ್ನನ್ನು ತಿರುಗಿಸಿ ಮುರುಗಿಸಿ ನೋಡಿ, ನನ್ನನ್ನು ಮಾಡಲು ಹೇಳಿದ್ದ ಹೆಂಗಸಿನ ಕಡೆ ತಿರುಗಿದರು.

"ಇದಕ್ಕೆ ನಾಲ್ಕು ಗಾಲಿ ಹಾಕಿಕೊಡ್ಲಾ ಮೇಡಂ? ಪಾಪ, ಎಲ್ಲೂ ಹೋಗೋಕಾಗಲ್ಲ ಇದಕ್ಕೆ."

"ಬೇಡ ಪಾಷಾ ಅವ್ರೇ, ಉಂಗುರ ಒಂದು ಸಲೀಸಾಗಿ ಓಡಾಡಿದ್ರೆ ಸಾಕು," ಎಂದು ಆಕೆ ನಕ್ಕರು.

ಆಕೆಯೇ ಡಾಕ್ಟರ್ ವಿಮಲಾಕ್ಷಿ. ತುಮಕೂರಿನ ಒಂದು ಮಕ್ಕಳ ಆಸ್ಪತ್ರೆಯಲ್ಲಿ ಕೆಲಸ. ಸಣ್ಣ ಆಳು, ದೊಡ್ಡ ನಗು, ಸೀರೆಯ ಮೇಲೆ ಬಿಳಿ ಕೋಟು. ಕೋಟಿನ ಜೇಬಿನಲ್ಲಿ ಯಾವಾಗಲೂ ಹುರಿಗಡಲೆ. ನನ್ನನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಹೊರಟಾಗ ಪಕ್ಕದ ಸೀಟಿನವರು "ಮಗೂಗಾ?" ಎಂದು ಕೇಳಿದರು. "ಹೂಂ, ತುಂಬಾ ಮಕ್ಕಳಿಗೆ," ಎಂದರು ಡಾಕ್ಟರಮ್ಮ. ಕೇಳಿದವರು ಗಾಬರಿಯಾಗಿ ಕಿಟಕಿಯಾಚೆ ನೋಡತೊಡಗಿದರು.

ನಾನು ಏಕೆ ಹುಟ್ಟಿದೆ ಎಂಬುದು ನನಗೆ ತಿಳಿದದ್ದು ಆಸ್ಪತ್ರೆಗೆ ಬಂದ ಮೇಲೆ. ಅಲ್ಲಿ ಒಂದು ಪದ್ಧತಿ ಇತ್ತು. ನಿಮ್ಮೂರ ಆಸ್ಪತ್ರೆಯಲ್ಲೂ ಇದ್ದೀತು. ಗಂಟಲು ಕೆಟ್ಟ ಮಗು ಒಳಗೆ ಬರುತ್ತದೆ. ಡಾಕ್ಟರು ಮಗುವಿನ ತಲೆಯ ಮೇಲಿಂದ ತಾಯಿಯನ್ನು ನೋಡಿ, "ಏನಾಗಿದೆ?" ಎನ್ನುತ್ತಾರೆ. ತಾಯಿ ಹೇಳುತ್ತಾಳೆ. ಅಜ್ಜಿ ತಿದ್ದುತ್ತಾಳೆ. ಚಿಕ್ಕಪ್ಪ ಬಾಗಿಲಿನಿಂದಲೇ ಇನ್ನೊಂದು ಸೇರಿಸುತ್ತಾನೆ. ಗಂಟಲು ಯಾರದೋ ಅವರನ್ನೊಬ್ಬರನ್ನು ಬಿಟ್ಟು ಉಳಿದವರೆಲ್ಲ ಮಾತಾಡುತ್ತಾರೆ. ಮಗುವಿಗೆ ಸಿಗುವುದು ಒಂದೇ ಮಾತು, "ಆ ಅನ್ನು."

ವಿಮಲಾಕ್ಷಿ ಅವರಿಗೆ ಇದು ಸರಿಬರುತ್ತಿರಲಿಲ್ಲ. ಐದು ವರ್ಷದ ಮಗು ಕೂಡ ತನ್ನ ನೋವು ಎಷ್ಟೆಂದು ಹೇಳಬಲ್ಲದು, ಸರಿಯಾಗಿ ಕೇಳುವುದಕ್ಕೆ ಒಂದು ದಾರಿ ಬೇಕು, ಔಷಧಿ ಕೊಟ್ಟ ಮೇಲೆ ಎಷ್ಟು ಇಳಿಯಿತು ಎಂಬುದನ್ನೂ ಅದನ್ನೇ ಕೇಳಬೇಕು ಎಂಬುದು ಅವರ ವಾದ. ಆಸ್ಪತ್ರೆಯ ಹಿರಿಯರು ಡಾಕ್ಟರ್ ಸದಾಶಿವಯ್ಯ. ಒಳ್ಳೆಯ ಮನುಷ್ಯ, ಪಳಗಿದ ಕೈ, ಆದರೆ ಈ ವಿಷಯದಲ್ಲಿ ಮಾತ್ರ ಅಲುಗಾಡುವವರಲ್ಲ.

"ನೋಡಮ್ಮ ವಿಮಲಾ, ಮಕ್ಕಳು ಬೆಳಿಗ್ಗೆ ಹೊಟ್ಟೆನೋವು ಅಂತವೆ, ಸ್ಕೂಲ್ ಬಸ್ಸು ಹೋದಮೇಲೆ ಕುಣೀತವೆ. ಇವುಗಳ ಮಾತು ನಂಬಿ ಅಳತೆ ಮಾಡ್ತೀನಿ ಅಂತೀಯಲ್ಲ," ಎಂದರು. ಆಮೇಲೆ ಆಕೆಯ ಮುಖ ನೋಡಿ ಮೆತ್ತಗಾದರು. "ಆಯ್ತು, ಈ ಚಳಿಗಾಲ ನಿಂದು. ಮಾಡಿ ತೋರಿಸು. ಆಗಲಿಲ್ವಾ, ಮುಂದಕ್ಕೆ ತಾಯಂದಿರನ್ನೇ ಕೇಳೋದು, ಈ ಮಾತು ಮತ್ತೆ ಎತ್ತಬಾರದು."

ಅಂದರೆ ಡಾಕ್ಟರಮ್ಮನ ಮಾನವೂ ನನ್ನ ಹೊಟ್ಟೆಪಾಡೂ ಒಂದೇ ಉಂಗುರಕ್ಕೆ ಕಟ್ಟಿಬಿದ್ದವು. ಗೆದ್ದರೆ ಮಕ್ಕಳನ್ನು ಕೇಳುವ ಪದ್ಧತಿ ಬರುತ್ತದೆ. ಸೋತರೆ ನಾನು ಒಲೆಗೆ ಸೌದೆ.

ಮೊದಲ ವಾರ ನಾವು ಸೋತೆವು. ಸೋತೆವು ಎನ್ನುವುದು ಕೂಡ ಮರ್ಯಾದೆಯ ಮಾತು, ನಗೆಪಾಟಲಾದೆವು.

ಡಾಕ್ಟರಮ್ಮ ಆಗ ನನ್ನ ಹಲಗೆಯ ಮೇಲೆ ಸೊನ್ನೆಯಿಂದ ಹತ್ತರವರೆಗೆ ಅಂಕಿಗಳನ್ನು ಬರೆದಿದ್ದರು. ನೋವೇ ಇಲ್ಲದಿದ್ದರೆ ಸೊನ್ನೆ, ತಡೆಯಲಾಗದ ನೋವಾದರೆ ಹತ್ತು. ಮೊದಲು ಬಂದವನು ಕುಶಾಲಪ್ಪ ಎಂಬ ಹುಡುಗ, ಒಂದನೇ ಕ್ಲಾಸು. ಡಾಕ್ಟರಮ್ಮ ಚೆನ್ನಾಗಿ ಬಿಡಿಸಿ ಹೇಳಿದರು. ಹುಡುಗ ಕೇಳಿಸಿಕೊಂಡ. ಉಂಗುರ ಹಿಡಿದು ಸುಯ್ಯನೆ ಹತ್ತಕ್ಕೆ ತಳ್ಳಿದ. ಅವನ ತಾಯಿಯ ಮುಖ ಅರಳಿತು. ಎರಡನೆಯವಳೂ ಹತ್ತು. ಮೂರನೆಯವನೂ ಹತ್ತು. ಅವನ ಜೊತೆಗೆ ಸುಮ್ಮನೆ ಬಂದಿದ್ದ ಅಣ್ಣನಿಗೆ ಗಂಟಲೂ ಕೆಟ್ಟಿರಲಿಲ್ಲ, ಮೂಗೂ ಕಟ್ಟಿರಲಿಲ್ಲ. ಅವನು ನುಗ್ಗಿ ಬಂದು, "ಮಿಸ್, ನಂಗೂ ಕೊಡಿ," ಎಂದು ಉಂಗುರವನ್ನು ಹತ್ತಕ್ಕೆ ಕುಟ್ಟಿ, "ಹತ್ತಕ್ಕೆ ಹತ್ತು!" ಎಂದು ಕೈ ಎತ್ತಿದ.

ಆಗ ಗೊತ್ತಾಯಿತು. ಮಕ್ಕಳು ನೋವು ಹೇಳುತ್ತಿರಲಿಲ್ಲ, ಮಾರ್ಕ್ಸ್ ತೆಗೆಯುತ್ತಿದ್ದರು. ಅಂಕಿ ಕಂಡರೆ ಹತ್ತು ತೆಗೆಯಬೇಕು, ಸೊನ್ನೆ ಬಂದರೆ ಮನೆಯಲ್ಲಿ ಬೈಗುಳ, ಇಷ್ಟು ಅವರಿಗೆ ಹುಟ್ಟಿನಿಂದ ಕಲಿಸಿದ್ದೇವಲ್ಲ. ತಾಯಂದಿರೂ ಕಡಿಮೆಯವರಲ್ಲ. ಒಬ್ಬ ಹುಡುಗಿ ಪಾಪ ಮೂರರ ಹತ್ತಿರ ನಿಲ್ಲಿಸಿದರೆ ಅವಳ ತಾಯಿ ಬೆನ್ನಿಗೆ ತಿವಿದು, "ಇನ್ನೊಂಚೂರು ಮುಂದಕ್ಕೆ ತಳ್ಳೇ, ಪಕ್ಕದ್ಮನೆ ತೇಜು ಎಂಟು ತಗಂಡವ್ನೆ," ಎಂದಳು. ಹೆತ್ತವರಿಗೆ ಹೆಗ್ಗಣ ಮುದ್ದು, ಆ ಹೆಗ್ಗಣ ಗಂಟಲು ನೋವಿನಲ್ಲೂ ಮೊದಲು ಬರಬೇಕು!

ಸದಾಶಿವಯ್ಯನವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ನಗುವಿನಲ್ಲಿ ಕೊಂಕಿರಲಿಲ್ಲ, ಅದೇ ಹೆಚ್ಚು ನೋವು. ಡಾಕ್ಟರಮ್ಮನಿಗೆ ಬಾಯಲ್ಲಿ ಬಿಸಿತುಪ್ಪ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಆ ದಿನ ನನ್ನನ್ನು ಮೇಜಿನ ಖಾನೆಯಲ್ಲಿ ಹಾಕಿ ಮುಚ್ಚಿದರು. ಬ್ಯಾಂಡೇಜು ಸುರುಳಿಗಳ ಮಧ್ಯೆ ಮಲಗಿ ನಾನು ಅತ್ತೆ. ಮರ ಅಳುತ್ತದೆಯೇ ಎನ್ನಬೇಡಿ, ಅಳುತ್ತದೆ.

ನಮ್ಮನ್ನು ಎತ್ತಿದ್ದು ಮಕ್ಕಳ ಊಟ. ಮಾರನೆಯ ವಾರ ಒಬ್ಬ ಹುಡುಗನನ್ನು ಡಾಕ್ಟರಮ್ಮ ಹಲಗೆ ಗಿಲಗೆ ಏನೂ ಇಲ್ಲದೆ ಮಾತಿಗೆಳೆದರು. ಎಷ್ಟು ನೋವು ಎಂದು ಕೇಳಿದರು. ಅವನು ಕಾಲು ಕುಣಿಸುತ್ತ ಕೂತ. ಸಾಕಾಗಿ, "ಬೆಳಿಗ್ಗೆ ಏನು ತಿಂದೆ ಪುಟ್ಟ?" ಎಂದು ಕೇಳಿದರು.

"ಏನೂ ಇಲ್ಲ. ಮುದ್ದೆ ಓಗ್ಲಿಲ್ಲ."

"ಅನ್ನ?"

"ಅನ್ನಾನೂ ಓಗ್ಲಿಲ್ಲ. ಗಂಜಿ ಓಯ್ತು."

ಡಾಕ್ಟರಮ್ಮ ಹುರಿಗಡಲೆ ಅಗಿಯುವುದನ್ನು ನಿಲ್ಲಿಸಿದರು. ಮುಂದಿನ ಮಗುವನ್ನೂ ಅದನ್ನೇ ಕೇಳಿದರು. ಅದಕ್ಕೆ ಅನ್ನ ಹೋಗುತ್ತಿತ್ತು, ಮುದ್ದೆ ಹೋಗುತ್ತಿರಲಿಲ್ಲ. ಅದರ ಮುಂದಿನದಕ್ಕೆ ನೀರು ಮಾತ್ರ. ತುಮಕೂರು ಸೀಮೆಯ ಮಕ್ಕಳು ನೋಡಿ, ರಾಗಿ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ಮುರಿದು ಸಾರಿನಲ್ಲಿ ಅದ್ದಿ ಗುಳಕ್ಕನೆ ನುಂಗುತ್ತಾರೆ. ಮುದ್ದೆ ಇಳಿಯುವ ಗಂಟಲು ನೆಟ್ಟಗಿರುವ ಗಂಟಲು. ನೋವು ಶುರುವಾದರೆ ಮೊದಲು ನಿಲ್ಲುವುದು ಮುದ್ದೆ. ಆಮೇಲೆ ಅನ್ನ, ಆಮೇಲೆ ಗಂಜಿ, ಆಮೇಲೆ ನೀರು. ತೀರಾ ಕೆಟ್ಟರೆ ತನ್ನ ಉಗುಳನ್ನು ತಾನು ನುಂಗುವುದೂ ಕಷ್ಟ. ಇದನ್ನು ಪ್ರತಿ ಮಗುವೂ ಬಲ್ಲದು, ಇದರಲ್ಲಿ ಮಾರ್ಕ್ಸಿನ ಗೊಡವೆಯಿಲ್ಲ.

ಡಾಕ್ಟರಮ್ಮ ಖಾನೆ ಎಳೆದು ನನ್ನನ್ನು ಹೊರತೆಗೆದರು. ನೆತ್ತಿಗೆ ಒಂದು ಮುತ್ತು ಕೊಟ್ಟರು. ಭಾನುವಾರ ಮತ್ತೆ ಬಸ್ಸು, ಮತ್ತೆ ಚನ್ನಪಟ್ಟಣ.

ಪಾಷಾ ಅವರು ಅಂಕಿಗಳನ್ನು ಉಪ್ಪುಕಾಗದದಿಂದ ಉಜ್ಜಿ ತೆಗೆದರು. ಕಚಗುಳಿಯಾಯಿತು. ಚಿತ್ರ ಬರೆಯಲು ಕೂತವಳು ಅವರ ಸೊಸೆ ಶಾಹಿದಾ. ಮುದ್ದೆ, ಅನ್ನ, ಗಂಜಿ, ನೀರು, ಇವನ್ನೆಲ್ಲ ಚಕಚಕ ಬರೆದಳು. ಕೊನೆಯದಕ್ಕೆ ಬಂದಾಗ ಕುಂಚ ಗಾಳಿಯಲ್ಲಿ ನಿಂತಿತು.

"ಮಾವ, ಉಗುಳನ್ನ ಹೆಂಗೆ ಬರೆಯೋದು?"

"ನನ್ನ ಕೇಳ್ತೀಯಲ್ಲಮ್ಮ. ನಲವತ್ತು ವರ್ಷ ಕುದುರೆ ಮಾಡಿದೀನಿ, ಆನೆ ಮಾಡಿದೀನಿ, ಉಗುಳು ಮಾಡಿಲ್ಲ," ಎಂದರು ಪಾಷಾ.

ಕೊನೆಗೆ ಅವಳು ತುಟಿ ಬಿಗಿಹಿಡಿದು, ಕುತ್ತಿಗೆಗೆ ಕೈ ಹಚ್ಚಿಕೊಂಡು ಕೂತ ಒಂದು ಮಗುವನ್ನು ಬರೆದಳು. ನೋಡಿದರೆ ನಿಮ್ಮ ಗಂಟಲೂ ಕೆರೆಯಬೇಕು, ಹಾಗಿತ್ತು. ಈಗ ನನ್ನ ಎಡತುದಿಯಲ್ಲಿ ಮುದ್ದೆ, ಬಲತುದಿಯಲ್ಲಿ ಉಗುಳು ನುಂಗಲಾರದ ಮಗು, ನಡುವೆ ಉಳಿದ ಮೂರು. ಇಷ್ಟು ಚೆಂದವಾದ ಮೇಲೆ ಜಂಬ ಬಾರದೆ ಇದ್ದೀತೇ? ಬಸ್ಸಿನಲ್ಲಿ ಕಾಗದದಲ್ಲಿ ಸುತ್ತಿದ್ದರೆಂದು ನನಗೆ ಬೇಸರವೇ ಆಯಿತು.

ಆ ಚಳಿಗಾಲ ನನ್ನ ಹಬ್ಬ. ಮಕ್ಕಳು ಸಾಲುಗಟ್ಟಿ ಬಂದರು, ಸುರಿಯುವ ಮೂಗು, ಮಫ್ಲರು, ವಿಕ್ಸಿನ ಘಮ. "ನೋವಿಲ್ದೆ ಏನು ನುಂಗೋಕಾಗುತ್ತೆ, ಅಲ್ಲಿಗೆ ತಳ್ಳು. ಮುದ್ದೆ ಹೋದ್ರೆ ಮುದ್ದೆ, ಏನೂ ಹೋಗದಿದ್ರೆ ಕೊನೇ ಚಿತ್ರ," ಎಂದರೆ ಸಾಕು. ಉಂಗುರ ಯೋಚಿಸಿ ನಡೆಯುತ್ತಿತ್ತು. ಕೆಲವರು ಒಮ್ಮೆ ಉಗುಳು ನುಂಗಿ ನೋಡಿ, ಮುಖ ಹಿಂಡಿ, ಆಮೇಲೆ ತಳ್ಳುತ್ತಿದ್ದರು. ಮಂಡಿ ತರಚಿಕೊಂಡು ಬೊಬ್ಬೆ ಹೊಡೆಯುತ್ತಿದ್ದ ಒಬ್ಬ ಹುಡುಗನಿಗೂ ಡಾಕ್ಟರಮ್ಮ ನನ್ನನ್ನು ಕೊಟ್ಟರು. ಪರೀಕ್ಷೆ ಮಾಡುವುದಕ್ಕೆ. ಅವನು ಅಳುವಿನ ಮಧ್ಯೆಯೇ ಉಂಗುರವನ್ನು ಮುದ್ದೆಯ ಮೇಲೆ ನಿಲ್ಲಿಸಿ, "ಗಂಟ್ಲಲ್ಲ ಆಂಟಿ, ಮಂಡಿ!" ಎಂದು ಬೈದ. ಡಾಕ್ಟರಮ್ಮ ಅವನಿಗೆ ಜೇಬಿನ ಹುರಿಗಡಲೆಯನ್ನೆಲ್ಲ ಕೊಟ್ಟುಬಿಟ್ಟರು.

ತೊಂದರೆ ಇರಲಿಲ್ಲ ಎನ್ನುವಂತಿಲ್ಲ. ಪೇಟೆಯ ಒಬ್ಬಳು ಹುಡುಗಿ ಮುದ್ದೆಯ ಚಿತ್ರ ನೋಡಿ, "ಲಾಡು ಯಾಕೆ ಸಾರಲ್ಲಿದೆ?" ಎಂದು ಕೇಳಿದಳು. ಅವಳ ತಾಯಿ ನಾಚಿ ಕೆಂಪಾದಳು, ಸದಾಶಿವಯ್ಯನವರಿಗೆ ನಾಲ್ಕು ದಿನ ನಗುವುದಕ್ಕೆ ಸಾಮಗ್ರಿ ಸಿಕ್ಕಿತು. ಅವಳಿಗೆ ಮುದ್ದೆಯ ಬದಲು ಚಪಾತಿ ಎಂದು ಬಾಯಲ್ಲಿ ಹೇಳಿಕೊಟ್ಟದ್ದಾಯಿತು.

ಔಷಧಿ ಕುಡಿಸಿ, ಆಟವಾಡಲು ಬಿಟ್ಟು, ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಕೊಟ್ಟರೆ ಉಂಗುರ ಎಡಕ್ಕೆ ಸರಿಯುತ್ತಿತ್ತು. ನೀರಿನಿಂದ ಗಂಜಿಗೆ, ಗಂಜಿಯಿಂದ ಅನ್ನಕ್ಕೆ. ಆ ಪುಟ್ಟ ಬೆರಳು ನನ್ನ ಕಡ್ಡಿಯ ಮೇಲೆ ಎಡಕ್ಕೆ ಹೋಗುವಾಗ ಆಗುತ್ತಿದ್ದ ಸುಖವನ್ನು ನಾನು ಯಾವ ಮಾತಿನಲ್ಲಿ ಹೇಳಲಿ? ಮುದ್ದೆ ಮುಟ್ಟಿದ ಮಕ್ಕಳು ಹಾಗೇ ಬಿಡುತ್ತಿರಲಿಲ್ಲ, ಟಣ್ ಎಂದು ಕುಟ್ಟಿಯೇ ಹೋಗುತ್ತಿದ್ದರು.

ಸದಾಶಿವಯ್ಯನವರು ಎಲ್ಲವನ್ನೂ ನೋಡುತ್ತಿದ್ದರು. ಆದರೆ ಒಪ್ಪಲಿಲ್ಲ.

"ಚೆನ್ನಾಗೇ ಮಾಡ್ತಿದೀಯ ವಿಮಲಾ, ಇಲ್ಲ ಅನ್ನಲ್ಲ. ಆದ್ರೆ ಮಗು ಒಂದು ಹೇಳುತ್ತೆ, ಮನೆಯವರು ಇನ್ನೊಂದು ಹೇಳ್ತಾರೆ. ಆವಾಗ ಯಾರನ್ನ ನಂಬ್ತೀಯ? ಅದಕ್ಕೆ ಉತ್ತರ ಕೊಡು, ನಾನು ಸೋತೆ ಅಂತ ಒಪ್ಕೋತೀನಿ."

ಡಾಕ್ಟರಮ್ಮ ಒಂದು ಹುರಿಗಡಲೆ ಬಾಯಿಗೆ ಹಾಕಿಕೊಂಡು ಮುಂದಿನ ಮಗುವನ್ನು ಕರೆದರು. 

ಚಳಿ ಮುಗಿಯುತ್ತ ಬಂದಿತ್ತು. ಒಂದು ಬೆಳಿಗ್ಗೆ ಕೊರಟಗೆರೆ ಕಡೆಯಿಂದ ಸಾಕಮ್ಮ ಎಂಬ ಅಜ್ಜಿ ತನ್ನ ಮೊಮ್ಮಗಳನ್ನು ಕರೆದುಕೊಂಡು ಬಂದರು. ಹುಡುಗಿಯ ಹೆಸರು ಪಾರಿಜಾತ, ಮನೆಯಲ್ಲಿ ಪಾರಿ. ಏಳೆಂಟು ವರ್ಷದವಳು. ತಾಯಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗಿದ್ದಳು, ಅದಕ್ಕೆ ಅಜ್ಜಿ. ಸಾಕಮ್ಮನವರು ಗಟ್ಟಿಮುಟ್ಟಾದ ಹೆಂಗಸು. ಬಾಯಲ್ಲಿ ಎಲೆಯಡಿಕೆ, ಅದರ ಜೊತೆಯಲ್ಲೇ ಮಾತು. ಅಜ್ಜಿ ನಿಲ್ಲಿಸದೆ ಮಾತಾಡಿದರು, ಮೊಮ್ಮಗಳು ತುಟಿ ಬಿಚ್ಚಲಿಲ್ಲ.

"ಏನಿಲ್ಲ ಸ್ವಾಮಿ, ನಾಳಿಂದ ಪರೀಕ್ಸೆ ಐತೆ, ಅದ್ಕೇ ಈ ನಾಟ್ಕ. ಎರಡು ದಿನದಿಂದ ಗಂಟ್ಲು ಗಂಟ್ಲು ಅಂತವ್ಳೆ, ಈಗ ಮಾತೂ ನಿಲ್ಸವ್ಳೆ. ಬೆಳಿಗ್ಗೆ ಒಂದ್ ಮುದ್ದೆ ಪೂರಾ ಉಂಡವ್ಳೆ, ತಟ್ಟೆ ನಾನೇ ನೋಡ್ದೆ."

ಸದಾಶಿವಯ್ಯನವರು ಬಾಯಿ ತೆಗೆಸಿದರು. ಹುಡುಗಿ ಪೂರ್ತಿ ತೆಗೆಯಲಿಲ್ಲ, ಚಮಚ ಇಟ್ಟರೆ ಒದ್ದಾಡಿದಳು. ಕಂಡಷ್ಟು ಕೆಂಪಗಿತ್ತು. ಅಷ್ಟು ಕೆಂಪು ಆ ತಿಂಗಳು ಎಲ್ಲ ಗಂಟಲಲ್ಲೂ ಇತ್ತು. "ಸಿರಪ್ ಬರೀತೀನಿ, ಬಿಸಿನೀರು ಕುಡಿಸಿ, ಪರೀಕ್ಷೆ ಬರೀಲಿ," ಎಂದರು. ಅಜ್ಜಿ ಗೆದ್ದವರ ಹಾಗೆ ಸೆರಗು ಸರಿಮಾಡಿಕೊಂಡರು.

"ಒಂದು ನಿಮಿಷ ಸಾರ್," ಎಂದು ಡಾಕ್ಟರಮ್ಮ ನನ್ನನ್ನು ಪಾರಿಯ ತೊಡೆಯ ಮೇಲಿಟ್ಟರು. ಉಂಗುರ ನಡುವೆ ಇತ್ತು. ಹುಡುಗಿ ಚಿತ್ರಗಳನ್ನು ಒಂದೊಂದಾಗಿ ನೋಡಿದಳು. ಬೆರಳು ಬಿಸಿಯಾಗಿತ್ತು. ಉಂಗುರವನ್ನು ಬಲಕ್ಕೆ, ಬಲಕ್ಕೆ, ಕೊನೆಯ ಚಿತ್ರದವರೆಗೆ ಒಯ್ದು ಬಿಟ್ಟಳು. ಉಗುಳೂ ನುಂಗಲಾಗದು.

"ಅಯ್ಯೋ ಸುಳ್ಳಿ!" ಎಂದು ಸಾಕಮ್ಮ ಬಾಗಿ ಉಂಗುರ ಹಿಡಿದು ಸರ್ರನೆ ಮುದ್ದೆಯ ಮೇಲೆ ತಂದು ನಿಲ್ಲಿಸಿದರು. "ಇಲ್ಲೈತೆ ನಿನ್ ಗಂಟ್ಲು. ಡಾಕ್ಟ್ರ ಮುಂದೆ ಸುಳ್ಳು ಏಳ್ಬಾರ್ದು."

ಪಾರಿ ಮತ್ತೆ ಬಲಕ್ಕೆ ತಳ್ಳಿದಳು. ಅಜ್ಜಿ ಎಡಕ್ಕೆ ಎಳೆದರು. ಅಜ್ಜಿಯ ಕೈ ಕಳೆ ಕಿತ್ತು ಪಳಗಿದ ಕೈ, ಹುಡುಗಿಯದು ಗುಬ್ಬಿಕಾಲಿನಷ್ಟು. ನನ್ನ ಕಡ್ಡಿ ಕಿರ್ರೆಂದಿತು. ಇಲ್ಲಿಯವರೆಗೆ ನಾನು ಸಾಧು ಹಲಗೆ, ಯಾರು ಎತ್ತ ತಳ್ಳಿದರೂ ಅತ್ತ. ಆ ಹೊತ್ತು ಮಾತ್ರ ನನಗೆ ಬಾಯಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು. ಹುಡುಗಿ ಎರಡೂ ಕೈಯಿಂದ ಉಂಗುರ ಹಿಡಿದು, ಬಲತುದಿಗೆ ಒತ್ತಿ, ಅಜ್ಜಿಯ ಮುಖವನ್ನೇ ನೋಡುತ್ತ ಕೂತಳು. ಬಿಡಲಿಲ್ಲ. ಕಣ್ಣಿಂದ ನೀರು ಇಳಿಯಿತು. ಆದರೂ ಅವಳು ಒಂದು ಮಾತೂ ಆಡಲಿಲ್ಲ, ಗುಟುಕೂ ನುಂಗಲಿಲ್ಲ.

ಅದನ್ನು ಕಂಡವರು ಡಾಕ್ಟರಮ್ಮ. ಹುಡುಗಿಯ ಕೊರಳಿಗೆ ಸುತ್ತಿದ್ದ ಟವಲನ್ನು ಬಿಡಿಸಿ ನೋಡಿದರು. ಒದ್ದೆಮುದ್ದೆಯಾಗಿತ್ತು. ಅದು ಕಣ್ಣೀರಲ್ಲ, ಬಾಯಿಂದ ಇಳಿದ ಜೊಲ್ಲು.

"ಸಾರ್, ಇವಳು ನಿಜ ಹೇಳ್ತಿದಾಳೆ. ಇನ್ನೊಂದ್ಸಲ ನೋಡೋಣ," ಎಂದರು. ಹಿರಿಯರು ಈಗಾಗಲೇ ಚೀಟಿ ಬರೆದುಕೊಟ್ಟಿದ್ದರು, ಹೊರಗೆ ಸಾಲು ಬೆಳೆದಿತ್ತು.

ಸದಾಶಿವಯ್ಯನವರು ನನ್ನನ್ನು ನೋಡಿದರು. ಹುಡುಗಿಯನ್ನು ನೋಡಿದರು. ಹಣೆಗೆ ದೀಪ ಕಟ್ಟಿಕೊಂಡು, ಮಂಡಿಯೂರಿ ಕೂತು, ಈ ಸಲ ಅಜ್ಜಿಯನ್ನಲ್ಲ, ಪಾರಿಯನ್ನೇ ಕೇಳಿದರು, "ಎಷ್ಟಾಗುತ್ತೋ ಅಷ್ಟೇ ತೆಗಿ ತಾಯಿ. ನಿಧಾನ. ಸಾಕು ಅನ್ನಿಸಿದ್ರೆ ಕೈ ಎತ್ತು." ಹುಡುಗಿ ಇನ್ನೊಂದಿಷ್ಟು ಬಾಯಿ ತೆಗೆದಳು. ಒಂದು ಕಡೆ ಟಾನ್ಸಿಲ್ಲಿನ ಹಿಂದೆ ದಪ್ಪಗೆ ಊದಿ, ಕಿರುನಾಲಿಗೆಯನ್ನು ಪಕ್ಕಕ್ಕೆ ತಳ್ಳಿತ್ತು. ಒಳಗೆ ಕೀವು. ಸಿರಪ್ ಕುಡಿದು ಮನೆಗೆ ಹೋಗಿದ್ದರೆ ಉಸಿರಿಗೇ ಅಡ್ಡವಾಗಬಹುದಿತ್ತು.

ಅಂದೇ ಅವಳನ್ನು ಸೇರಿಸಿಕೊಂಡು ಕೀವು ತೆಗೆದರು. ಸಂಜೆಯ ಹೊತ್ತಿಗೆ ಪಾರಿ ಕಣ್ಣರಳಿಸಿ ಕೂತಿದ್ದಳು. ಡಾಕ್ಟರಮ್ಮ ನನ್ನನ್ನು ಕೊಟ್ಟಾಗ ಉಂಗುರ ಉಗುಳಿನಿಂದ ನೀರಿಗೆ ಬಂತು. ಸಾಕಮ್ಮ ಮಂಚದ ಕಾಲಿನ ಹತ್ತಿರ ನೆಲದ ಮೇಲೆ ಕೂತಿದ್ದರು. ಎಲೆಯಡಿಕೆ ಇಲ್ಲ, ಮಾತಿಲ್ಲ. ಆಮೇಲೆ ಮೊಮ್ಮಗಳ ಕಡೆ ತಿರುಗಿ ಕೇಳಿದರು.

"ಅಲ್ಲ ಕಣೇ, ಮತ್ತೆ ಬೆಳಿಗ್ಗೆ ಮುದ್ದೆ?"

"ಹುಂಜಕ್ಕೆ ಹಾಕ್ದೆ," ಎಂದಳು ಪಾರಿ. ಅದು ಅವಳ ಮೊದಲ ಮಾತು. "ಉಣ್ದೇ ಇದ್ರೆ ಸೂಜಿ ಚುಚ್ಚುಸ್ತೀನಿ ಅಂದಿದ್ಯಲ್ಲ."

ಸಾಕಮ್ಮ ನಗಬೇಕೋ ಅಳಬೇಕೋ ತಿಳಿಯದೆ ಎರಡೂ ಮಾಡಿದರು. "ಅದ್ಕೇನೇ ಆ ಹಾಳು ಹುಂಜ ಅಟ್ಟಿ ತುಂಬಾ ಕುಣೀತಿತ್ತು!" ಎಂದು ಸೆರಗಿನಿಂದ ಮೂಗು ಒರೆಸಿಕೊಂಡರು. ವಾರ್ಡಿನಲ್ಲಿದ್ದ ಅಷ್ಟು ಮಂದಿಯೂ ನಕ್ಕರು. ಬಾಗಿಲಲ್ಲಿ ನಿಂತಿದ್ದ ಸದಾಶಿವಯ್ಯನವರು ಒಳಗೆ ಬಂದು ನನ್ನ ಉಂಗುರವನ್ನು ಒಮ್ಮೆ ಬೆರಳಿನಿಂದ ತಟ್ಟಿ, "ಉತ್ತರ ಸಿಕ್ತು ವಿಮಲಾ. ನಾನು ಸೋತೆ," ಎಂದರು. ಸೋತವರ ಮುಖ ಅಷ್ಟು ಬೆಳಗಿದ್ದನ್ನು ನಾನು ಇನ್ನೆಲ್ಲೂ ನೋಡಿಲ್ಲ.

ಅಂದಿನಿಂದ ಆ ಆಸ್ಪತ್ರೆಯಲ್ಲಿ ಮೊದಲ ಪ್ರಶ್ನೆ ಮಗುವಿಗೆ. ತಾಯಿಯನ್ನು ಕೇಳುವುದಿಲ್ಲ ಎಂದಲ್ಲ, ಕೇಳುತ್ತಾರೆ, ಎರಡನೆಯದಾಗಿ. ಡಾಕ್ಟರಮ್ಮ ನನ್ನನ್ನು ಡಾಕ್ಟರುಗಳ ದೊಡ್ಡ ಸಭೆಯೊಂದಕ್ಕೆ ಕೊಂಡೊಯ್ದು ತೋರಿಸಿದರು. ಸೂಟು ಹಾಕಿಕೊಂಡ ದೊಡ್ಡವರು ಒಬ್ಬರಾದ ಮೇಲೊಬ್ಬರು ಉಂಗುರ ಸರಿಸಿ ನೋಡಿದರು, ನಾಲ್ಕು ಜನ ಮುದ್ದೆಯ ನೆನಪಾಗಿ ಊಟದ ಮನೆಗೆ ಹೋದರು. ಪಾಷಾ ಅವರ ಶೆಡ್ಡಿನಲ್ಲಿ ನನ್ನ ತಮ್ಮಂದಿರು, ತಂಗಿಯರು ಹುಟ್ಟಿ ಬೇರೆ ಬೇರೆ ಊರಿನ ಆಸ್ಪತ್ರೆಗಳಿಗೆ ಹೋದರು. ಧಾರವಾಡಕ್ಕೆ ಹೋದವನ ಮೈಮೇಲೆ ಮುದ್ದೆ ಇಲ್ಲವಂತೆ, ಜೋಳದ ರೊಟ್ಟಿಯಂತೆ. ಇರಲಿ, ಊರಿಗೆ ತಕ್ಕ ಗಂಟಲು.

ವರ್ಷಗಳು ಉರುಳಿದವು. ಸದಾಶಿವಯ್ಯನವರು ನಿವೃತ್ತರಾದರು. ವಿಮಲಾಕ್ಷಿ ಅವರ ತಲೆ ನೆರೆಯಿತು, ಹುರಿಗಡಲೆ ಅಗಿಯಲು ಹಲ್ಲು ಕೇಳದೆ ಈಗ ಜೇಬಿನಲ್ಲಿ ಕಲ್ಲುಸಕ್ಕರೆ. ಈಗಿನ ಮಕ್ಕಳಿಗೆ ಗಾಜಿನ ಪರದೆಯ ಮೇಲೆ ಬೆರಳಾಡಿಸಿ ನೋವು ಹೇಳುವ ಸೌಕರ್ಯ ಬಂದಿದೆ. ನಾನು ಹೊರಗೆ ಕಾಯುವ ಕೋಣೆಯ ಕಿಟಕಿಯ ಕೆಳಗೆ, ಆಟದ ಸಾಮಾನಿನ ಬುಟ್ಟಿಯಲ್ಲಿದ್ದೇನೆ. ಒಂದು ಕಿವಿಯಿಲ್ಲದ ಆನೆ, ಒಂದು ಗಾಲಿಯಿಲ್ಲದ ರೈಲು, ನಾನು. ಬಣ್ಣ ಮಾಸಿದೆ. ಎಲ್ಲಕ್ಕಿಂತ ಹೆಚ್ಚು ಸವೆದಿರುವುದು ಮುದ್ದೆಯ ಚಿತ್ರ, ಗುಣವಾದ ಮಕ್ಕಳೆಲ್ಲ ಕುಟ್ಟಿ ಹೋದ ಜಾಗವಲ್ಲವೇ ಅದು. ಬೇಸರವೇನಿಲ್ಲ. ಬಿಸಿಲು ಬರುತ್ತದೆ, ಮಕ್ಕಳು ಬರುತ್ತಾರೆ, ಒಮ್ಮೊಮ್ಮೆ ನನ್ನನ್ನು ಬಸ್ಸು ಮಾಡಿಕೊಂಡು ಆಡುತ್ತಾರೆ.

ಹೋದ ತಿಂಗಳು ಒಂದು ಎತ್ತರದ ಹುಡುಗಿ ಬಂದಳು. ಕಾಲೇಜಿನ ಬ್ಯಾಗು, ಕಂಕುಳಲ್ಲಿ ಅಕ್ಕನ ಮಗು. ಹಿಂದೆ ಕೋಲೂರಿಕೊಂಡು ಒಬ್ಬರು ಮುದುಕಿ. ಹುಡುಗಿ ಬುಟ್ಟಿಯ ಕಡೆ ನೋಡಿ, "ಅಯ್ಯೋ, ಇದು ಇನ್ನೂ ಇದೆ!" ಎಂದು ನನ್ನನ್ನು ಎತ್ತಿಕೊಂಡಾಗಲೇ ನನಗೆ ಗುರುತು ಸಿಕ್ಕಿದ್ದು. ಪಾರಿ! ಬೆರಳುಗಳು ಈಗ ಉದ್ದವಾಗಿವೆ, ತಣ್ಣಗಿವೆ.

ಮಗುವಿಗೆ ನೆಗಡಿ, ಅಷ್ಟೇ. ಆದರೆ ಕಾಯುತ್ತ ಕೂತಾಗ ಸಾಕಮ್ಮ ಮತ್ತೆ ಮತ್ತೆ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಪಾರಿ ಕೇಳಿದಳು. "ಏನೂ ಇಲ್ಲ ಕಣೇ, ನಂಗೇನಾಗೈತೆ, ಗುಂಡ್ಕಲ್ಲಂಗಿವ್ನಿ," ಎಂದರು ಅಜ್ಜಿ. ಪಾರಿ ಮತ್ತೆ ಕೇಳಲಿಲ್ಲ. ನನ್ನನ್ನು ಅಜ್ಜಿಯ ತೊಡೆಯ ಮೇಲಿಟ್ಟು, ಮಗುವನ್ನು ಆಡಿಸುತ್ತ ಸುಮ್ಮನೆ ಕೂತಳು.

ಸಾಕಮ್ಮ ಮೊದಲು ನನ್ನನ್ನು ಪಕ್ಕಕ್ಕಿಟ್ಟರು. ಆಮೇಲೆ ಎತ್ತಿಕೊಂಡರು. ಕಣ್ಣಿಗೆ ಹತ್ತಿರ ಹಿಡಿದು ಚಿತ್ರಗಳನ್ನು ನೋಡಿದರು. ಅಂದು ಉಂಗುರವನ್ನು ಸರ್ರನೆ ಎಳೆದ ಅದೇ ಬೆರಳು, ಈಗ ಗಂಟುಗಟ್ಟಿದ ಬೆರಳು, ಮುದ್ದೆಯ ಮೇಲಿದ್ದ ಉಂಗುರವನ್ನು ಮುಟ್ಟಿತು. ಅನ್ನದವರೆಗೆ ತಳ್ಳಿತು. ನಿಂತಿತು. ಆಚೆ ಈಚೆ ಯಾರಾದರೂ ನೋಡುತ್ತಿದ್ದಾರೆಯೇ ಎಂದು ಅಜ್ಜಿ ಒಮ್ಮೆ ಕಣ್ಣಾಡಿಸಿದರು. ಮತ್ತೆ ತಳ್ಳಿದರು. ಉಂಗುರ ಗಂಜಿಯ ಮೇಲೆ ಬಂದು ನಿಂತಿತು.

"ಯಾವಾಗಿಂದ ಅಜ್ಜಿ?" ಎಂದಳು ಪಾರಿ, ಮೆತ್ತಗೆ.

"ದೀಪಾವಳಿಯಿಂದ." ಸಾಕಮ್ಮ ನನ್ನನ್ನೇ ನೋಡುತ್ತಿದ್ದರು. "ನಮ್ಮನ್ನ ಯಾರು ಕೇಳ್ತಿದ್ರೇ? ನಮ್ಮವ್ವನೂ ಕೇಳ್ಲಿಲ್ಲ, ನಿಮ್ಮ ತಾತನೂ ಕೇಳ್ಲಿಲ್ಲ. ಎಷ್ಟು ನೋವು ಅಂತ ಏಳೋಕೆ ನಂಗೆ ಬರಾಕಿಲ್ಲ ಕಣೇ."

"ಈಗ ಹೇಳಿದ್ಯಲ್ಲ," ಎಂದಳು ಪಾರಿ.

ವಿಮಲಾಕ್ಷಿ ಅವರು ತಾವೇ ಅಜ್ಜಿಯ ಕೈ ಹಿಡಿದುಕೊಂಡು ದೊಡ್ಡವರ ಗಂಟಲು ನೋಡುವ ಡಾಕ್ಟರ ಹತ್ತಿರ ಬಿಟ್ಟುಬಂದರು. ಹೆದರುವಂಥದ್ದೇನೂ ಇರಲಿಲ್ಲ. ಹೊಟ್ಟೆಯ ಹುಳಿ ಮೇಲೆ ಬಂದು ಗಂಟಲು ಸುಡುತ್ತಿತ್ತು, ಅದರ ಮೇಲೆ ಎಲೆಯಡಿಕೆ ಸುಣ್ಣ ಬೇರೆ. ಔಷಧಿ ಕೊಟ್ಟರು, ಎಲೆಯಡಿಕೆ ಕಡಿಮೆ ಮಾಡಿ ಎಂದರು. ಆ ಎರಡನೆಯದನ್ನು ಅಜ್ಜಿ ಕಿವಿಗೆ ಹಾಕಿಕೊಂಡರೋ ಇಲ್ಲವೋ ನನಗೆ ಅನುಮಾನ.

ನಾನು ಮರದ ಹಲಗೆ. ನೋವನ್ನು ಇಳಿಸುವ ಶಕ್ತಿ ನನಗೆ ಯಾವತ್ತೂ ಇರಲಿಲ್ಲ. ಕೇಳುವುದಷ್ಟೇ ನನಗೆ ಗೊತ್ತಿದ್ದದ್ದು. ಕೇಳಿದ ಮೇಲೆ ಜನ ಹೇಳುತ್ತಾರೆ, ಹೇಳಿದ ಮೇಲೆ ಅವರ ಮುಖ ಬದಲಾಗುತ್ತದೆ, ಇದನ್ನು ಕಾಣುವುದಕ್ಕೇ ನಾನು ಹುಟ್ಟಿದ್ದೆಂದು ಈಗ ಅನ್ನಿಸುತ್ತದೆ.

ಮೊನ್ನೆ ಸಾಕಮ್ಮ ಮತ್ತೆ ಬಂದಿದ್ದರು. ಯಾವ ಮಗುವೂ ಜೊತೆಗಿರಲಿಲ್ಲ, ಮಕ್ಕಳ ಆಸ್ಪತ್ರೆಯಲ್ಲಿ ಅವರಿಗೆ ಕೆಲಸವೂ ಇರಲಿಲ್ಲ. ಕೋಲನ್ನು ಗೋಡೆಗೆ ಒರಗಿಸಿ, ಬುಟ್ಟಿಗೆ ಕೈ ಹಾಕಿ ನನ್ನನ್ನು ಎಳೆದುಕೊಂಡರು. ಉಂಗುರವನ್ನು ಮುದ್ದೆಯ ಚಿತ್ರಕ್ಕೆ ಟಣ್ ಎಂದು ಕುಟ್ಟಿದರು. ಆಮೇಲೆ ನನ್ನನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದು, ಅಲ್ಲಿ ಕಾಯುತ್ತ ಕೂತಿದ್ದ ತಾಯಂದಿರಿಗೂ ಮಕ್ಕಳಿಗೂ ತೋರಿಸಿದರು.

"ನೋಡ್ರವ್ವಾ," ಎಂದರು, "ಇಲ್ಲೈತೆ ನನ್ ಗಂಟ್ಲು."